ಮಕ್ಕಳ ಕಾಗದಪತ್ರವೂ ನೋಟರಿ ಮೊಹರೂ
(ಬನಶಂಕರಿಯ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆ ಸೇರಿಸುವ ದಿನ ಬಂತೆಂದರೆ ಜಯನಗರ, ಬಿ.ಟಿ.ಎಂ. ಬಡಾವಣೆಯ ಝೆರಾಕ್ಸ್ ಅಂಗಡಿಗಳ ಮುಂದೆ ತಂದೆತಾಯಂದಿರ ಸಾಲು. ಕೈಯಲ್ಲಿ ಶಾಲೆಯವರು ಕೊಟ್ಟ ಪಟ್ಟಿ. ಜನನ ಪತ್ರಕ್ಕೆ ನೋಟರಿ, ವರ್ಗಾವಣೆ ಪತ್ರಕ್ಕೆ ನೋಟರಿ, ಮನೆಯ ವಿಳಾಸಕ್ಕೂ ನೋಟರಿ! ಗಾರ್ಮೆಂಟ್ಸಿಗೆ ಹೋಗುವ ತಾಯಿ ಇದಕ್ಕಾಗಿ ರಜ ಹಾಕಿದರೆ ಆ ದಿನದ ಕೂಲಿ ಹೋಯಿತು. ತಳ್ಳುಗಾಡಿಯವರು ಬೆಳಗಿನ ವ್ಯಾಪಾರ ಬಿಟ್ಟರೆ ತಂದ ಸೊಪ್ಪು ಬಾಡಿತು. ಈ ಲೆಕ್ಕ ಪಟ್ಟಿ ಬರೆದವರಿಗೆ ಗೊತ್ತಿಲ್ಲ.

ನೋಟರಿಯ ಕೆಲಸವೇನು? 1952ರ ಕಾಯಿದೆಯಂತೆ ಸರ್ಕಾರ ಇವರನ್ನು ನೇಮಿಸುತ್ತದೆ. ನಕಲನ್ನು ಮೂಲದೊಡನೆ ಹೋಲಿಸಿ ಮೊಹರು ಹಾಕುತ್ತಾರೆ. ನಿಮ್ಮಿಂದ ಪ್ರಮಾಣ ಮಾಡಿಸಿ ಅಫಿಡವಿಟ್ಟಿಗೆ ಮೊಹರು ಹಾಕುತ್ತಾರೆ. ನೀವು ಹೇಳಿದ್ದು ನಿಜವೆಂದು ಅವರು ಹೇಳುವುದಿಲ್ಲ. ಪ್ರಮಾಣ ಮಾಡಿ ಹೇಳಿದಿರಿ ಎಂದಷ್ಟೇ ಹೇಳುತ್ತಾರೆ. ಜನನ ಪತ್ರದಲ್ಲಿ ‘ಮಂಜ’, ಆಧಾರಿನಲ್ಲಿ ‘ಮಂಜುನಾಥ’ ಎಂದಿದ್ದರೆ ಇಬ್ಬರೂ ಒಬ್ಬನೇ ಎನ್ನಲು ಅಫಿಡವಿಟ್ಟು ಸಾಕಾಗಬಹುದು. ಆದರೆ ಅದರಿಂದ ಜನನದ ದಾಖಲೆ ತಿದ್ದಿದಂತಾಗಲಿಲ್ಲ. ಅದನ್ನು ತಿದ್ದುವವರು 1969ರ ಕಾಯಿದೆಯ 15ನೇ ಕಲಮಿನಂತೆ ಜನನ ನೋಂದಣಾಧಿಕಾರಿ. ಜಾತಿ, ವರಮಾನದ ಪತ್ರ ಕೊಡುವವರು ತಹಸೀಲ್ದಾರರು. ನಾಡಕಚೇರಿಯ ಕೆಲಸವನ್ನು ಯಾವ ಮೊಹರೂ ಮಾಡಲಾರದು.

ಇನ್ನು ಶಾಲೆಗೆ ಸೇರಿಸಿಕೊಳ್ಳುವ ಮಾತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 14ನೇ ಕಲಮು, ವಯಸ್ಸಿನ ಪುರಾವೆ ಇಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸಕೂಡದು ಎನ್ನುತ್ತದೆ. 5ನೇ ಕಲಮು, ವರ್ಗಾವಣೆ ಪತ್ರ ತಡವಾಯಿತೆಂದೂ ನಿರಾಕರಿಸಕೂಡದು ಎನ್ನುತ್ತದೆ. 2010ರ ಕೇಂದ್ರದ ಮಾದರಿ ನಿಯಮಗಳು ಆಸ್ಪತ್ರೆಯ ದಾಖಲೆ, ಅಂಗನವಾಡಿಯ ದಾಖಲೆ, ಕೊನೆಗೆ ತಂದೆತಾಯಿ ಬರೆದುಕೊಟ್ಟ ಹೇಳಿಕೆಯನ್ನೂ ವಯಸ್ಸಿಗೆ ಆಧಾರವೆಂದು ಒಪ್ಪಿದವು. ಹಿಂದೆ ಹಳ್ಳಿ ಶಾಲೆಗಳಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಮಗುವಿಗೆ ಜೂನ್ 1 ಎಂದು ಬರೆದುಕೊಳ್ಳುವ ರೂಢಿಯಿತ್ತು. ಇಲ್ಲಿ ಕೂತವರಲ್ಲೇ ಜೂನ್ ಒಂದರ ಮಕ್ಕಳು ಎಷ್ಟು ಮಂದಿಯೋ! ಮೊಹರಿಲ್ಲದೆಯೂ ಅವರು ಓದಿದರು.

ಆದರೆ ಜನನ ನೋಂದಣಿಯನ್ನು ಮಾತ್ರ ಅಲಕ್ಷ್ಯ ಮಾಡಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶದಲ್ಲಿ ಹುಟ್ಟಿದ ದಿನಕ್ಕೆ ಆಧಾರ ಜನನ ಪತ್ರವೇ ಎಂದು ತಿದ್ದುಪಡಿಯಾಗಿದೆ. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. 30 ದಿನ ಕಳೆದು ವರ್ಷದೊಳಗಾದರೆ ಮೊದಲು ನೋಟರಿಯ ಮುಂದೆ ಅಫಿಡವಿಟ್ಟು ಬೇಕಿತ್ತು. ಅದೇ ತಿದ್ದುಪಡಿ ಅದನ್ನು ತೆಗೆದು, ನೀವೇ ಸಹಿ ಮಾಡಿ ದೃಢೀಕರಿಸಿದ ಪತ್ರ ಸಾಕು ಎಂದಿತು. ದೊಡ್ಡ ಕಾಯಿದೆಯೇ ನಿಮ್ಮ ಸಹಿಯನ್ನು ನಂಬುವಾಗ ಶಾಲೆಯ ಗುಮಾಸ್ತರಿಗೆ ಏಕೆ ನಂಬಿಕೆಯಿಲ್ಲ?

ಅಫಿಡವಿಟ್ಟು ನಿಜಕ್ಕೂ ಬೇಕಾದಾಗ ಸರಿಯಾಗಿ ಮಾಡಿಸಿ. ಕರ್ನಾಟಕದಲ್ಲಿ ಅದರ ಛಾಪಾ ಶುಲ್ಕ 2024ರ ಫೆಬ್ರವರಿಯಲ್ಲಿ 20 ರೂಪಾಯಿಯಿಂದ 100ಕ್ಕೆ ಏರಿತು. ಬಡವನ ಕಾಗದಕ್ಕೆ ಒಮ್ಮೆಗೇ ಐದು ಪಟ್ಟು! ನೋಟರಿಯ ಶುಲ್ಕ ಬೇರೆ. ಆ ದರವನ್ನು ಕಚೇರಿಯ ಒಳಗೂ ಹೊರಗೂ ಕಾಣುವಂತೆ ತೂಗುಹಾಕಬೇಕು, ರಸೀದಿ ಕೊಡಬೇಕು ಎಂದು 1956ರ ನಿಯಮಗಳಿವೆ. ರಸೀದಿ ಕೇಳಲು ಸಂಕೋಚ ಬೇಡ. ಮಧ್ಯವರ್ತಿಗೆ ದುಡ್ಡು ಕೊಟ್ಟು, ನೋಟರಿಯ ಮುಖವನ್ನೇ ನೋಡದೆ ಮೊಹರು ಬಿದ್ದ ಕಾಗದ ತರಬೇಡಿ. ನಾಳೆ ಯಾರಾದರೂ ಪ್ರಶ್ನಿಸಿದರೆ ಆ ಮಧ್ಯವರ್ತಿ ಸಿಕ್ಕುವುದಿಲ್ಲ, ಮಗುವಿನ ಪ್ರವೇಶ ಸಿಕ್ಕಿಬೀಳುತ್ತದೆ.

ಬರಿಯ ನಕಲಿಗೆ ನೋಟರಿ ಕೇಳಿದರೆ ಮೂಲವನ್ನೇ ಹೆಡ್‌ಮಾಸ್ತರರ ಮುಂದಿಟ್ಟು, ‘ಸ್ವಾಮಿ, ತಾವೇ ಹೋಲಿಸಿ ನೋಡಿ’ ಎನ್ನಿ. ಕೂಡದೆಂದರೆ ಯಾವ ನಿಯಮದ ಮೇರೆಗೆ ಎಂದು ಬರೆದು ಕೊಡಲಿ. ಆ ಬರಹವಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಲು ದಾರಿಯಾಯಿತು. ಒಬ್ಬೊಬ್ಬರೇ ಹೋಗಿ ದಿನಗೂಲಿ ಕಳೆದುಕೊಳ್ಳಬೇಡಿ. ಬರುವ ಭಾನುವಾರ ಪಟ್ಟಿಗಳನ್ನು ಇಲ್ಲಿಗೇ ತನ್ನಿ. ಯಾವುದಕ್ಕೆ ಮೊಹರು ಬೇಕು, ಯಾವುದಕ್ಕೆ ಬೇಡ ಎಂದು ಗುರುತು ಹಾಕಿ, ಒಂದೇ ಶಾಲೆಯವರೆಲ್ಲ ಸೇರಿ ಒಂದೇ ಅರ್ಜಿ ಬರೆಯೋಣ.