ನಕಾಶೆ ಹಿಡಿದ ಮೂವರು ಯುವತಿಯರು



ಎತ್ತರದ ಜಾಗವೊಂದರಲ್ಲಿ ಮೂವರು ಯುವತಿಯರು. ಬೆನ್ನಿಗೆ ಚೀಲ, ಕಣ್ಣು ಬಿಡಿಸಿ ಹಿಡಿದ ನಕಾಶೆಯ ಮೇಲೆ. ಹಿಂದೆ, ಕೆಳಗಿನ ಕಣಿವೆಯಲ್ಲಿ, ಒಂದು ಪುಟ್ಟ ಹಳ್ಳಿ. ಜೇಮ್ಸ್ ವಾಕರ್ ಟಕರ್ ಎಂಬ ಇಂಗ್ಲಿಷ್ ಕಲಾವಿದರು 1936ರಲ್ಲಿ ಬರೆದ ‘ಹೈಕಿಂಗ್’ ಎಂಬ ಚಿತ್ರವಿದು. ಇದು ನ್ಯೂಕ್ಯಾಸಲ್ ನಗರದ ಲೇಂಗ್ ಕಲಾಶಾಲೆಯ ಸಂಗ್ರಹದಲ್ಲಿದೆ.

ರಜೆಯ ದಿನ ಮೂವರು ಗೆಳತಿಯರು ನಡೆದು ಹೊರಟಿದ್ದಾರೆ. ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ವಿಶೇಷ ತಿಳಿಯಬೇಕಾದರೆ ಸುಮಾರು 1750ರ ಇನ್ನೊಂದು ಚಿತ್ರವನ್ನು ಇದರ ಪಕ್ಕದಲ್ಲಿಡಬೇಕು. ಗೇನ್ಸ್‌ಬರೋ ಬರೆದ ಆಂಡ್ರ್ಯೂಸ್ ದಂಪತಿಗಳ ಚಿತ್ರ ಅದು. ಪತ್ನಿ ಬೆಂಚಿನ ಮೇಲೆ ಕುಳಿತಿದ್ದಾಳೆ, ಪತಿ ಬಂದೂಕು ಹಿಡಿದು ನಿಂತಿದ್ದಾನೆ, ಪಕ್ಕದಲ್ಲಿ ಕೊಯ್ಲಾದ ಹೊಲ. ಹೊಲವೆಲ್ಲ ಅವರದೇ. ಅವರಿಗೆ ನಕಾಶೆ ಏಕೆ ಬೇಕು? ನಕಾಶೆ ಬೇಕಾಗುವುದು ಆ ನೆಲ ತನ್ನದಲ್ಲದವರಿಗೆ. ಟಕರ್ ಅವರ ಚಿತ್ರದಲ್ಲಿ ನೆಲದ ಒಡೆಯನೇ ಇಲ್ಲ. ನೋಡಲು ಬಂದವರಷ್ಟೇ ಇದ್ದಾರೆ. ಅದೂ ಹೆಣ್ಣುಮಕ್ಕಳು, ಜೊತೆಗೆ ಹಿರಿಯರಿಲ್ಲದೆ!

ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ನಗರವಾಸಿಗಳು ವಾರದ ಕೊನೆಗೆ ಹಳ್ಳಿಗಾಡಿನತ್ತ ಹೊರಟರು. ಯುವಜನರ ತಂಗುದಾಣಗಳ ಸಂಘ 1930ರಲ್ಲಿ ಹುಟ್ಟಿತು. ಒಂದು ಶಿಲಿಂಗಿಗೆ ಒಂದು ರಾತ್ರಿ ಮಲಗಲು ಜಾಗ. ಸಂಬಳ ಸಹಿತ ರಜೆಯ ಕಾನೂನು ಬಂದದ್ದು 1938ರಲ್ಲಿ. ರೈಲ್ವೆ ಕಂಪನಿಗಳೂ ಪೆಟ್ರೋಲು ಮಾರುವ ಶೆಲ್ ಕಂಪನಿಯೂ ಒಳ್ಳೆಯ ಕಲಾವಿದರಿಂದ ಬೆಟ್ಟ, ಕಡಲತೀರಗಳ ಭಿತ್ತಿಪತ್ರ ಬರೆಸಿದವು. ವ್ಯಾಪಾರಕ್ಕಾಗಿ ಬರೆಸಿದರೂ ಅವುಗಳಲ್ಲಿ ಕೆಲವು ನಿಜವಾಗಿಯೂ ಸೊಗಸಾಗಿವೆ.

ಆದರೆ ಇಂಥ ಚಿತ್ರಗಳಲ್ಲಿ ಬೇಲಿ ಅಷ್ಟಾಗಿ ಕಾಣದು. ನಿಜವಾದ ಹಳ್ಳಿಗಾಡಿನಲ್ಲಿ ಬೇಲಿಯೂ ಇತ್ತು, ಕಾವಲುಗಾರರೂ ಇದ್ದರು. ಉತ್ತರದ ಕಿಂಡರ್ ಸ್ಕೌಟ್ ಎಂಬ ಗುಡ್ಡವನ್ನು ಸಿರಿವಂತರ ಹಕ್ಕಿಬೇಟೆಗೆಂದು ಕಾಯ್ದಿರಿಸಲಾಗಿತ್ತು. 1932ರ ಏಪ್ರಿಲ್ 24ರಂದು, ಮ್ಯಾಂಚೆಸ್ಟರ್ ಸುತ್ತಲಿನ ಕಾರ್ಮಿಕ ಯುವಕರೇ ಹೆಚ್ಚಾಗಿದ್ದ ನೂರಾರು ಜನ ಬೇಕೆಂದೇ ಅದನ್ನು ಹತ್ತಿದರು. ಕಾವಲುಗಾರರೊಡನೆ ತಳ್ಳಾಟವಾಯಿತು, ಐವರು ಜೈಲಿಗೆ ಹೋದರು. ಇಂಗ್ಲೆಂಡಿನಲ್ಲಿ ಇಂಥ ಬೆಟ್ಟ, ಬಯಲುಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗಾಡುವ ಹಕ್ಕನ್ನು ವಿಸ್ತಾರವಾಗಿ ಕೊಟ್ಟ ಕಾನೂನು 2000ದಲ್ಲಷ್ಟೇ ಬಂತು. ಟಕರ್ ಅವರ ಯುವತಿಯರು ಅಷ್ಟು ಗಮನವಿಟ್ಟು ನೋಡುತ್ತಿರುವುದು ದಾರಿ ಎಲ್ಲಿದೆ ಎಂಬುದನ್ನು ಮಾತ್ರವೇ, ಅಥವಾ ಎಲ್ಲಿಯವರೆಗೆ ಬಿಡುತ್ತಾರೆ ಎಂಬುದನ್ನೂ ಹೌದೇ? ಚಿತ್ರ ಹೇಳುವುದಿಲ್ಲ. ನನಗಂತೂ ಎರಡನೆಯದೂ ಇರಬಹುದು ಎನಿಸುತ್ತದೆ.

ಇದೇ ಕಾಲದ ಇನ್ನೊಂದು ಚಿತ್ರವನ್ನೂ ನೀವು ನೋಡಬೇಕು. ಎರಿಕ್ ರವೀಲಿಯಸ್ 1939ರಲ್ಲಿ ಬರೆದ ಜಲವರ್ಣ, ‘ಟೀ ಅಟ್ ಫರ್ಲಾಂಗ್ಸ್’. ಫರ್ಲಾಂಗ್ಸ್ ಎಂದರೆ ಸಸೆಕ್ಸ್ ಗುಡ್ಡಗಳ ಬುಡದಲ್ಲಿದ್ದ, ಅವರ ಗೆಳತಿ, ಕಲಾವಿದೆ ಪೆಗಿ ಆಂಗಸ್ ಅವರ ಮನೆ. ಮನೆಯ ಹೊರಗೆ ಮೇಜು ಹಾಕಿದೆ, ಚಹಾದ ಸಾಮಾನು ಜೋಡಿಸಿದೆ, ಮೇಲೆ ನೆರಳಿಗೊಂದು ದೊಡ್ಡ ಕೊಡೆ, ಆಚೆ ಬಯಲು. ಕುಡಿಯುವವರು ಮಾತ್ರ ಯಾರೂ ಇಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. ಮರುವರ್ಷ, ಶತ್ರುಗಳು ಇಳಿದರೆ ದಾರಿ ತಿಳಿಯಬಾರದೆಂದು, ಹಳ್ಳಿಗಾಡಿನ ಕೈಮರಗಳನ್ನೆಲ್ಲ ಸರ್ಕಾರ ಕೀಳಿಸಿತು. ಯುದ್ಧದ ಚಿತ್ರಕಾರರಾಗಿ ಸೇವೆಗೆ ಸೇರಿದ ರವೀಲಿಯಸ್ 1942ರಲ್ಲಿ ಐಸ್‌ಲ್ಯಾಂಡಿನ ಬಳಿ ವಿಮಾನದೊಡನೆ ಕಣ್ಮರೆಯಾದರು. ಆಗ ಅವರಿಗೆ 39 ವರ್ಷ.