ಸೂಟ್‌ಕೇಸು ಹೊರಟಿತು, ಲೂಸಿ ಉಳಿದಳು



ಮನೆಯಲ್ಲಿ ಬಸುರಿಗೆ ದಿನ ತುಂಬುತ್ತ ಬಂದಂತೆ ಎಲ್ಲ ತಯಾರಿಯೂ ಆಗಿರುತ್ತದೆ. ಆಟೋ ಯಾರು ತರಬೇಕು, ಡಾಕ್ಟರಿಗೆ ಯಾರು ಫೋನ್ ಮಾಡಬೇಕು, ಎಲ್ಲವೂ ನಿಶ್ಚಯವಾಗಿರುತ್ತದೆ. ನಡುರಾತ್ರಿ ನೋವು ಶುರುವಾದಾಗ ಮಾತ್ರ ಯಾರಿಗೂ ಚಪ್ಪಲಿ ಸಿಗುವುದಿಲ್ಲ! ಅಮೆರಿಕದ ‘ಐ ಲವ್ ಲೂಸಿ’ ಹಾಸ್ಯ ಧಾರಾವಾಹಿಯ ಒಂದು ಕಂತು ಇದನ್ನೇ ಹಿಡಿದುಕೊಂಡಿತ್ತು. ಅದು ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದದ್ದು 1953ರ ಜನವರಿ 19ರ ರಾತ್ರಿ.

ಗಂಡ ರಿಕಿ, ಹೆಂಡತಿ ಲೂಸಿ. ಅದೇ ಕಟ್ಟಡದ ಮಾಲೀಕ ಫ್ರೆಡ್, ಅವನ ಹೆಂಡತಿ ಎಥೆಲ್. ಈ ಇಬ್ಬರು ರಕ್ತಸಂಬಂಧಿಗಳಲ್ಲ. ಆದರೆ ಸಲುಗೆಯಲ್ಲಿ, ಜಗಳದಲ್ಲಿ ಅತ್ತೆಮಾವಂದಿರಿಗೇನೂ ಕಡಿಮೆಯಿಲ್ಲ. ಲೂಸಿಗೆ ನೋವು ಬಂದಾಗ ಏನೇನು ಮಾಡಬೇಕೆಂದು ರಿಕಿ, ಫ್ರೆಡ್, ಎಥೆಲ್ ಮೂವರೂ ಅಭ್ಯಾಸ ನಡೆಸುತ್ತಾರೆ. ಒಬ್ಬರು ಫೋನು, ಒಬ್ಬರು ಸೂಟ್‌ಕೇಸು, ಗಂಡ ಹೆಂಡತಿಯ ಕೈ ಹಿಡಿಯುವುದು. ಕವಾಯತಿನಷ್ಟು ಅಚ್ಚುಕಟ್ಟು. ಅಷ್ಟರಲ್ಲಿ ಲೂಸಿ ಬಂದು ಸಮಯವಾಯಿತು ಎನ್ನುತ್ತಾಳೆ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ಸೂಟ್‌ಕೇಸು ಬಾಯಿಬಿಟ್ಟು, ಬಟ್ಟೆಯೆಲ್ಲ ನೆಲದ ಪಾಲು. ಕೊನೆಗೆ ಮೂವರೂ ಬಾಗಿಲು ದಾಟುತ್ತಾರೆ. ಲೂಸಿ ಒಬ್ಬಳೇ ಒಳಗೆ ಉಳಿಯುತ್ತಾಳೆ.

ನಗು ಬರುವುದು ಅವರು ದಡ್ಡರೆಂದಲ್ಲ. ಮೂವರಿಗೂ ಅವಳ ಮೇಲೆ ಎಷ್ಟು ಅಕ್ಕರೆ ಎಂದರೆ, ಆ ಅಕ್ಕರೆಯ ಗಡಿಬಿಡಿಯಲ್ಲಿ ಅವಳೇ ಮರೆತುಹೋಗುತ್ತಾಳೆ. ಇದು ನಮ್ಮ ಮನೆಗಳಲ್ಲೂ ಆಗುವಂಥದ್ದೇ. ಆಸ್ಪತ್ರೆಯಲ್ಲಿಯೂ ಹಾಗೇ: ಗಾಲಿಕುರ್ಚಿಯಲ್ಲಿ ಕುಳಿತು ಬರುವವನು ಗಂಡ! ಮುಂದೆ ರಿಕಿ ತನ್ನ ಕ್ಲಬ್ಬಿನ ಕಾರ್ಯಕ್ರಮಕ್ಕಾಗಿ ಮುಖಕ್ಕೆ ಭಯಂಕರ ಬಣ್ಣ ಬಳಿದುಕೊಂಡು ಆಸ್ಪತ್ರೆಯವರನ್ನು ಹೆದರಿಸುತ್ತಾನೆ. ಆ ಭಾಗ ನನಗೆ ಅಷ್ಟು ರುಚಿಸುವುದಿಲ್ಲ. ಪರರ ಆಚರಣೆಯನ್ನು ಗುಮ್ಮ ಮಾಡಿ ನಗಿಸುವುದು ಸುಲಭದ ದಾರಿ. ಆದರೆ ಅದೇ ವೇಷದಲ್ಲಿ ಮಗುವನ್ನು ನೋಡಿ ಅವನು ಮೂರ್ಛೆ ಹೋಗುವಾಗ ಮತ್ತೆ ಮನೆಯ ಹಾಸ್ಯವೇ ಗೆಲ್ಲುತ್ತದೆ.

ಇದರ ಹಿಂದಿನ ಕಥೆ ಅಷ್ಟು ಹಗುರವಲ್ಲ. ಲೂಸಿಯಾಗಿ ನಟಿಸಿದ ಲೂಸಿಲ್ ಬಾಲ್, ರಿಕಿಯಾದ ದೇಸಿ ಅರ್ನಾಜ್ ನಿಜಜೀವನದಲ್ಲೂ ದಂಪತಿಗಳು. ಆಕೆ ನಿಜವಾಗಿಯೇ ಬಸುರಿಯಾದಾಗ, ಮೇಜುಕುರ್ಚಿಗಳ ಮರೆಯಲ್ಲಿ ನಿಲ್ಲಿಸಿ ಹೊಟ್ಟೆ ಕಾಣದಂತೆ ನೋಡಿಕೊಳ್ಳಬೇಕೆಂಬ ಸಲಹೆ ಬಂತು. ದೇಸಿ ಒಪ್ಪಲಿಲ್ಲ, ಬಸಿರನ್ನು ಕಥೆಗೇ ತಂದರು. ಆದರೂ ‘ಬಸುರಿ’ ಎಂಬ ನೇರ ಮಾತಿಗೆ ವಾಹಿನಿ ಅನುಮತಿ ಕೊಡಲಿಲ್ಲ. ನಮ್ಮಲ್ಲಿ ‘ವಿಶೇಷ’ ಎನ್ನುವ ಹಾಗೆ, ಅಲ್ಲಿ ‘ನಿರೀಕ್ಷೆಯಲ್ಲಿದ್ದಾಳೆ’ ಎಂದರು. ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರೊಟೆಸ್ಟೆಂಟ್ ಪಾದ್ರಿ, ಒಬ್ಬ ಯಹೂದಿ ಧರ್ಮಗುರು ಸಂಭಾಷಣೆಗಳನ್ನು ಪರಿಶೀಲಿಸಿದರು. ಹೆರಿಗೆಯ ನಗೆಗೆ ಮೂವರು ಧರ್ಮಗುರುಗಳ ಒಪ್ಪಿಗೆ!

ಕಂತು 1952ರಲ್ಲೇ ಚಿತ್ರೀಕರಣವಾಗಿತ್ತು. ಕಥೆಯಲ್ಲಿ ಹುಟ್ಟುವುದು ಗಂಡು ಎಂದು ಬರಹಗಾರರು ಮೊದಲೇ ನಿಶ್ಚಯಿಸಿದ್ದರು. ಪ್ರಸಾರದ ದಿನವೇ ಬೆಳಿಗ್ಗೆ ಶಸ್ತ್ರಕ್ರಿಯೆಯ ಮೂಲಕ ಲೂಸಿಲ್ ಬಾಲ್‌ಗೆ ಗಂಡುಮಗುವಾಯಿತು. ಆ ರಾತ್ರಿ ಸುಮಾರು 4 ಕೋಟಿ 40 ಲಕ್ಷ ಜನ ಕಂತನ್ನು ನೋಡಿದರೆಂದು ಲೆಕ್ಕ. ಮರುದಿನ ಐಸೆನ್‌ಹೋವರ್ ಅಧ್ಯಕ್ಷಪದವಿ ಸ್ವೀಕರಿಸಿದ್ದನ್ನು ನೋಡಿದವರು ಸುಮಾರು 2 ಕೋಟಿ 90 ಲಕ್ಷ.

1960ರಲ್ಲಿ ಆ ದಂಪತಿಗಳು ವಿಚ್ಛೇದನ ಪಡೆದರು. ಅದನ್ನು ತಿಳಿದೇ ಈ ಕಂತನ್ನು ನಾನು ಮತ್ತೆ ನೋಡಿದೆ. ಸೂಟ್‌ಕೇಸು ಬಾಯಿಬಿಡುವ ಹೊತ್ತಿಗೆ ಎಲ್ಲ ಮರೆತು ನಕ್ಕಿದ್ದೆ.