ಗಾಜು ಮತ್ತು ಉಸಿರು



ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಯಲ್ದೂರಿನ ಕಡೆ ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುತ್ತವೆ. ಕನ್ನಡದಲ್ಲಿ ‘ಗಾಜು’ ಎಂದರೆ ಒಂದು ಪದಾರ್ಥ. ನೆರೆಮನೆಯ ತೆಲುಗಿನಲ್ಲಿ ‘ಗಾಜುಲು’ ಎಂದರೆ ಕೈಬಳೆ. ಬಳೆಗಾರನು ನಮ್ಮ ಅಜ್ಜಿಯ ಕೈಗೆ ಬಳೆ ತೊಡಿಸುವುದನ್ನು ಕಣ್ಣರಳಿಸಿ ನೋಡುತ್ತಿದ್ದ ನನಗೆ, ಅದನ್ನು ಮಾಡಿದವರು ಯಾರು ಎಂಬ ಪ್ರಶ್ನೆ ಆಗ ಹುಟ್ಟಲಿಲ್ಲ. ಮಾರುವವನ ಮುಖವನ್ನು ನಾವು ಬಲ್ಲೆವು. ಮಾಡುವವನ ಮುಖವನ್ನು ಅರಿಯೆವು.

1800-1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಂದಿನ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿಗೆ ಸೇರಿದ ಮತ್ತೋಡಿನಲ್ಲಿ ಗಾಜಿನ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಬಿಳಿಯ ಬೆಣಚುಕಲ್ಲಿನ ಪುಡಿ, ಸವುಳು ಮಣ್ಣಿನ ಕ್ಷಾರ, ಸೌದೆಯ ಬೆಂಕಿ — ಇಷ್ಟರಿಂದ ಅಲ್ಲಿನ ಕುಶಲಕರ್ಮಿಗಳು ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಳೆಗಳನ್ನು ಮಾಡುತ್ತಿದ್ದರು. ಬೆಣಚೂ ಸವುಳೂ ನಮ್ಮ ಬಯಲುಸೀಮೆಗೆ ಇಂದಿಗೂ ಅಪರೂಪವಲ್ಲ. ಆದರೆ ಮತ್ತೋಡಿನ ಕುಲುಮೆ ಆರಿಹೋಯಿತು. ಬುಕಾನನ್ನನ ಬರಹ ಉಳಿಯಿತು. ಅದನ್ನು ಓದಿ ಬಳೆ ಮಾಡಲು ಕಲಿಯುವುದು ಮಾತ್ರ ಯಾರಿಗೂ ಸಾಧ್ಯವಿಲ್ಲ.

ಏಕೆ ಸಾಧ್ಯವಿಲ್ಲವೆಂಬುದನ್ನು ಗಾಜು ಊದುವವನ ಕೆಲಸದಿಂದ ತಿಳಿಯಬಹುದು. ಒಲೆಯ ಬೆಂಕಿಯನ್ನು ಎಬ್ಬಿಸಲು ನಮ್ಮ ಅಜ್ಜಿ ಬಳಸುತ್ತಿದ್ದ ಊದುಗೊಳವೆಯನ್ನು ನೆನೆದುಕೊಳ್ಳಿ. ಅಂಥದೇ ಟೊಳ್ಳು ಉಕ್ಕಿನ ಕೊಳವೆ, ಆಳೆತ್ತರಕ್ಕೆ ತುಸು ಕಡಿಮೆ. ಸುಮಾರು 1100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಜೇನಿನಂತಾಗಿರುವ ಗಾಜಿನೊಳಗೆ ಅದರ ತುದಿಯನ್ನು ಅದ್ದಿ ತಿರುಗಿಸಿದರೆ ಒಂದು ಮುದ್ದೆ ಅಂಟಿಕೊಳ್ಳುತ್ತದೆ. ತಿರುಗಿಸುವುದನ್ನು ಒಂದು ಕ್ಷಣ ಮರೆತರೂ ಅದು ಒಂದು ಕಡೆಗೆ ಜೋಲುತ್ತದೆ. ಹೆಚ್ಚು ಊದಿದರೆ ಗೋಡೆ ತೆಳುವಾಗಿ ಒಡೆಯುತ್ತದೆ. ತಡಮಾಡಿದರೆ ಗಟ್ಟಿಯಾಗಿ ಹಟ ಹಿಡಿಯುತ್ತದೆ, ಮತ್ತೆ ಬೆಂಕಿಗೆ ಒಡ್ಡಬೇಕು. ಬಿಸಿ ಗಾಜನ್ನು ಬೆರಳಿನಿಂದ ಮುಟ್ಟಿ ನೋಡುವಂತಿಲ್ಲ; ಬಣ್ಣವನ್ನೂ ತೂಗಾಟವನ್ನೂ ನೋಡಿಯೇ ಅರಿಯಬೇಕು. ಪಾತ್ರೆ ಸಿದ್ಧವಾದ ಮೇಲೂ ಅವಸರ ಸಲ್ಲದು. ಸುಮಾರು 500 ಡಿಗ್ರಿಯ ಗೂಡಿನಲ್ಲಿರಿಸಿ ನಿಧಾನವಾಗಿ ಆರಿಸದಿದ್ದರೆ, ಒಳಗೆ ಅಡಗಿದ ಬಿಗಿತದಿಂದ ಅದು ತಾನಾಗಿಯೇ ಸೀಳುತ್ತದೆ. ಇಷ್ಟು ಕೈವಶವಾಗಲು ವರ್ಷಗಳೇ ಬೇಕು.

ಈ ವಿದ್ಯೆಗೆ ಸುಮಾರು ಎರಡು ಸಾವಿರ ವರ್ಷಗಳ ವಯಸ್ಸು. ಅದು ಬಹುಕಾಲ ಕಾರ್ಖಾನೆಯೊಳಗೇ ಇತ್ತು. ಆಕಾರವನ್ನು ಕಲ್ಪಿಸುವವನೊಬ್ಬ, ಊದುವವನು ಇನ್ನೊಬ್ಬ. ಒಬ್ಬನೇ ಕಲಾವಿದನು ತನ್ನ ಚಿಕ್ಕ ಕುಲುಮೆಯ ಮುಂದೆ ನಿಂತು ಎರಡನ್ನೂ ಮಾಡಲಾಗದೇ ಎಂದು ಕೇಳಿದವನು ಅಮೆರಿಕದ ಹಾರ್ವೆ ಲಿಟಲ್‌ಟನ್, ಮಡಿಕೆ ಕಲೆಯ ಅಧ್ಯಾಪಕ. 1962ರಲ್ಲಿ ಟೊಲೀಡೊ ನಗರದ ಕಲಾ ವಸ್ತುಸಂಗ್ರಹಾಲಯದ ಆವರಣದಲ್ಲಿ ಆತ ಶಿಬಿರ ನಡೆಸಿದ. ಮೊದಲು ಕರಗಿಸಿದ ಗಾಜು ಊದಲು ಒದಗಲಿಲ್ಲ. ಉದ್ಯಮದ ಸಂಶೋಧಕ ಡೊಮಿನಿಕ್ ಲಬೀನೊ ಕೊಟ್ಟ ಗಾಜಿನ ಗೋಲಿಗಳನ್ನು ಕರಗಿಸಿದಾಗ ಗಾಜು ಹದಕ್ಕೆ ಬಂತು. ಆದರೆ ಅಲ್ಲಿ ನೆರೆದವರಿಗೆ ಊದುವ ಹದ ತಿಳಿಯದು. ಆಗ ನೆರವಾದವನು ಹಾರ್ವೆ ಲೀಫ್‌ಗ್ರೀನ್, ಗಾಜಿನ ಕಾರ್ಖಾನೆಯಿಂದ ನಿವೃತ್ತನಾಗಿದ್ದ ಮುದುಕ. ಆತ ಕೊಳವೆ ಹಿಡಿದು ಊದಿ ತೋರಿಸಿದ. ಇಂದು ಜಗತ್ತಿನಾದ್ಯಂತ ಹರಡಿರುವ ಸ್ಟುಡಿಯೊ ಗಾಜಿನ ಕಲೆಗೆ ಚಾಲನೆ ದೊರೆತದ್ದು ಆ ಶಿಬಿರದಲ್ಲಿ.

ನನ್ನನ್ನು ಕಾಡುವುದು ಆ ಮುದುಕನೇ. ಆತ ಇಲ್ಲದಿದ್ದರೆ ಕುಲುಮೆಯಿದ್ದೂ, ಗಾಜಿದ್ದೂ, ಉತ್ಸಾಹವಿದ್ದೂ ಕಲಿಕೆ ಎಷ್ಟು ತಡವಾಗುತ್ತಿತ್ತೋ! ಮತ್ತೋಡಿನ ಕೊನೆಯ ಗಾಜುಗಾರನ ಬಳಿಗೆ ಕಲಿಯಬೇಕೆಂದು ಯಾರಾದರೂ ಹೋಗಿದ್ದರೇ? ಹೋಗಿದ್ದರೆ ಇಂದು ನಮ್ಮ ಕಥೆ ಬೇರೆಯಾಗುತ್ತಿತ್ತು. ಉತ್ತರಪ್ರದೇಶದ ಫಿರೋಜಾಬಾದಿನಲ್ಲಿ ಕುಲುಮೆಗಳು ಇನ್ನೂ ಉರಿಯುತ್ತಿವೆ. ಆ ಉರಿಯ ಮುಂದೆ ನಿಂತಿರುವ ಕೈಗಳನ್ನು ಕೇವಲ ಕೂಲಿಯಿಂದ ಅಳೆಯುವವರೆಗೆ, ಅವರ ಮಕ್ಕಳು ಬೇರೆ ದಾರಿ ಹಿಡಿದರೆ ತಪ್ಪು ಅವರದಲ್ಲ.

ಗಾಜು ಒಡೆದರೆ ಕರಗಿಸಿ ಮತ್ತೆ ಮಾಡಬಹುದು. ಕೈಯಿಂದ ಕೈಗೆ ಬಂದ ಹದ ಒಮ್ಮೆ ಕಡಿದರೆ, ಅದನ್ನು ಕರಗಿಸಿ ಬೆಸೆಯುವ ಕುಲುಮೆ ಯಾವುದೂ ಇಲ್ಲ. ಮುಂದಿನ ಸಲ ಮನೆಗೆ ಬಳೆ ಕೊಳ್ಳುವಾಗ, ಅದನ್ನು ಮಾಡಿದವರಾರೆಂದು ಒಮ್ಮೆ ಕೇಳಿ ನೋಡೋಣ.